ಅತ್ತು ಪ್ರಾರ್ಥಿಸುವುದು ಹೇಗೆ: ಮನಸ್ಸು ನೊಂದ ವಿಶ್ವಾಸಿಗೆ ಹಂತ ಹಂತದ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹೋದವರ ಗುಣ, ಅವರು ಅರ್ಧಕ್ಕೆ ಬಿಟ್ಟ ಕೆಲಸ, ಉಳಿದವರಿಗೆ ಬಂದ ಗತಿ, ಹೀಗೆ ಮಾಡಿದ ದೇವರ ಮೇಲಿನ ಸಿಟ್ಟು, ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಜಾತಿ ಧರ್ಮ ನೋಡದೆ ಜನ ಸೇರಿ ಕರ್ಬಲಾದ ದುಃಖವನ್ನು ಕನ್ನಡದ ಪದಗಳಲ್ಲಿ ಹಾಡುತ್ತಾರೆ. ರಾಯಚೂರು ಸೀಮೆಯ ಹರಿದಾಸರು ದೇವರೊಡನೆ ಜಗಳಕ್ಕೇ ನಿಂತವರು. ಇಂಥ ನೆಲದಲ್ಲಿ ಹುಟ್ಟಿದ ಕ್ರೈಸ್ತರಾದ ನಾವು ಮಾತ್ರ ಸಭೆಯ ಬಾಗಿಲಲ್ಲಿ ಕಣ್ಣೊರೆಸಿಕೊಂಡು, "ಎಲ್ಲಾ ಚೆನ್ನಾಗಿದೆ, ಕರ್ತನಿಗೆ ಸ್ತೋತ್ರ" ಎನ್ನಲು ಕಲಿತಿದ್ದೇವೆ. ಮಗನನ್ನು ಮಣ್ಣು ಮಾಡಿ ಬಂದ ತಾಯಿಗೂ "ಅಳಬೇಡಮ್ಮ, ದೇವರ ಚಿತ್ತ" ಎನ್ನುತ್ತೇವೆ. ಪೌಲನು ಥೆಸಲೊನೀಕದವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರಿ ಎಂದು. ದುಃಖಿಸಲೇಬೇಡಿರಿ ಎಂದು ಅವನು ಎಲ್ಲಿಯೂ ಬರೆದಿಲ್ಲ.

ಅಳುವನ್ನು ದೇವರ ಮುಂದೆ ತರಲು ಕಲಿತವರೇ ಭಕ್ತಿಯಲ್ಲಿ ಮುಂದೆ ಹೋಗುತ್ತಾರೆ ಎಂಬುದು ನಾನು ನಂಬಿರುವ ಮಾತು. ಅದನ್ನು ದಿನನಿತ್ಯ ಮಾಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ನೀವು ಬಲಿಪೂಜೆಗೆ ಹೋಗುವ ಕಥೋಲಿಕರಾಗಿರಬಹುದು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಥವಾ ಮೆಥೋಡಿಸ್ಟ್ ಸಭೆಯವರಾಗಿರಬಹುದು, ಓಣಿಯ ಮನೆಕೂಟಕ್ಕೆ ಹೋಗುವವರಾಗಿರಬಹುದು. ಇಲ್ಲಿರುವುದನ್ನು ಎಲ್ಲರೂ ಮಾಡಬಹುದು. ಒಂದೇ ರಾತ್ರಿಯ ಕೂಟದಲ್ಲಿ ಮನಸ್ಸು ಪೂರ್ತಿ ಗುಣವಾಗುತ್ತದೆ ಎಂಬ ಭರವಸೆಯನ್ನು ಮಾತ್ರ ನಾನು ಕೊಡುವುದಿಲ್ಲ. ಹಾಗೆ ಕೊಡುವವರ ಪೋಸ್ಟರ್‌ಗಳು ಬಸ್ ನಿಲ್ದಾಣದ ಗೋಡೆಗಳ ಮೇಲೆ ಬೇಕಾದಷ್ಟಿವೆ.

ಮೊದಲ ಹೆಜ್ಜೆ: ನೋವು ಯಾವುದೆಂದು ಗುರುತಿಸಿ

ನಮ್ಮ ಕಡೆ ಮನಸ್ಸಿನ ಕಷ್ಟವನ್ನು ದೇಹದ ಮಾತಿನಲ್ಲಿ ಹೇಳುವುದೇ ರೂಢಿ. ಎದೆ ಭಾರ, ತಲೆ ಸುತ್ತು, ಕೈಕಾಲಿನಲ್ಲಿ ಶಕ್ತಿಯಿಲ್ಲ, ಊಟ ಸೇರುವುದಿಲ್ಲ, ಹೊಟ್ಟೆಯಲ್ಲಿ ಸಂಕಟ. ಇದರಲ್ಲಿ ತಪ್ಪೇನಿಲ್ಲ, ಅಲ್ಲಿಂದಲೇ ಆರಂಭಿಸಿ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಮೂರು ಸಾಲು ಬರೆಯಿರಿ: ಇಂದು ಏನಾಯಿತು, ಆಗ ದೇಹದಲ್ಲಿ ಎಲ್ಲಿ ಏನಾಯಿತು, ಮನಸ್ಸಿಗೆ ಏನನ್ನಿಸಿತು. ಬರೆಯಲು ಬಾರದವರು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಹುದು, ಇಲ್ಲವೇ ಒಬ್ಬರೇ ಕುಳಿತು ಬಾಯಿಬಿಟ್ಟು ಹೇಳಿಕೊಂಡರೂ ಸಾಕು.

ಮೂರನೆಯ ಸಾಲು ಕಷ್ಟದ್ದು. "ಬೇಜಾರು" ಎಂದು ಬರೆದು ನಿಲ್ಲಿಸಬೇಡಿ. ಅದು ದುಃಖವೋ, ಭಯವೋ, ಸಿಟ್ಟೋ, ನಾಚಿಕೆಯೋ, ಬರೀ ದಣಿವೋ ಎಂದು ಬಿಡಿಸಿ ನೋಡಿ. ಸಂಘದ ಸಾಲದ ಕಂತಿನ ದಿನ ಬರುವ ತಳಮಳ ಭಯ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ನಿಮ್ಮನ್ನು ಲೆಕ್ಕಕ್ಕೇ ಹಿಡಿಯದಿದ್ದುದಕ್ಕೆ ಬರುವುದು ಸಿಟ್ಟು, ಅದರ ಕೆಳಗೆ ದುಃಖ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕಾದ ಜಾಗವೊಂದಿದೆ. ತಪ್ಪು ಮಾಡಿದವರಿಗೆ ಬರುವ ಅಪರಾಧ ಭಾವವೇ ಬೇರೆ, ಬೇರೆಯವರು ನಮ್ಮ ಮೇಲೆ ಹೊರಿಸಿದ ನಾಚಿಕೆಯೇ ಬೇರೆ. ಮೊದಲನೆಯದಕ್ಕೆ ದಾರಿ ಸ್ಪಷ್ಟವಾಗಿದೆ: ದೇವರ ಮುಂದೆ ಒಪ್ಪಿಕೊಳ್ಳುವುದು, ಹಾನಿಯಾದವರಿಗೆ ಸರಿಪಡಿಸಿಕೊಡುವುದು, ಬಿಡುಗಡೆಯನ್ನು ನಂಬುವುದು. ಎರಡನೆಯದಕ್ಕೆ ಪಶ್ಚಾತ್ತಾಪ ಮದ್ದಲ್ಲ. ಮಕ್ಕಳಾಗಲಿಲ್ಲವೆಂದು ಅತ್ತೆಯ ಮನೆಯಲ್ಲಿ ಮಾತು ಕೇಳಿಸಿಕೊಂಡವಳು, ಚಿಕ್ಕಂದಿನಲ್ಲಿ ನೆಂಟನೊಬ್ಬನಿಂದ ಹಿಂಸೆ ಅನುಭವಿಸಿದವಳು, ಊರ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದು ಬೆಳೆದವನು, ಇವರೆಲ್ಲ ಮಾಡದ ತಪ್ಪಿಗೆ ವರ್ಷಗಟ್ಟಲೆ ಉಪವಾಸವಿದ್ದು ಕ್ಷಮೆ ಬೇಡುತ್ತಿರುತ್ತಾರೆ. ಹನ್ನಳ ಕಥೆಯನ್ನು ನೋಡಿ (1 ಸಮುವೇಲ 1). ಅವಳು ಅತ್ತು ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿದ. ಅವಳು ಆ ಆರೋಪವನ್ನು ಒಪ್ಪಿಕೊಂಡು ತಲೆತಗ್ಗಿಸಲಿಲ್ಲ. ತಾನು ಮನನೊಂದವಳು, ಮನಸ್ಸಿನಲ್ಲಿದ್ದುದನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎಂದು ನೇರವಾಗಿ ಹೇಳಿದಳು. ಆಮೇಲೆ ಹೋಗಿ ಊಟ ಮಾಡಿದಳು, ಮುಖ ಬಾಡಿರಲಿಲ್ಲ. ಮಗ ಹುಟ್ಟಿದ್ದು ಇದಾದ ಮೇಲೆ ಎಂಬುದನ್ನು ಗಮನಿಸಿ.

ಎರಡನೆಯ ಹೆಜ್ಜೆ: ದೇಹಕ್ಕೆ ಊಟ, ನಿದ್ದೆ

ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ (1 ಅರಸು 19) ದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮಲಗಿದ ಪ್ರವಾದಿಯನ್ನು ಎಬ್ಬಿಸಿ ಮತ್ತೊಮ್ಮೆ ತಿನ್ನಿಸಿದ. ದೇವರ ಮೆಲುದನಿ ಕೇಳಿಸಿದ್ದು ಇದೆಲ್ಲ ಆಗಿ, ಅವನು ನಲವತ್ತು ದಿನ ನಡೆದ ಮೇಲೆ.

ಆದುದರಿಂದ ರಾತ್ರಿ ನಿದ್ದೆಯಿಲ್ಲದವರನ್ನು ಇಡೀ ರಾತ್ರಿಯ ಪ್ರಾರ್ಥನೆಗೆ ಕರೆಯಬೇಡಿ. ನೀವೇ ಅಂಥವರಾಗಿದ್ದರೆ ಹೋಗಬೇಡಿ. ಕೆಲವು ವಾರ ಉಪವಾಸ ಬಿಟ್ಟರೆ ನಂಬಿಕೆ ಕಡಿಮೆಯಾಗುವುದಿಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು, ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ಸಂಜೆ ಐದರ ಮೇಲೆ ಚಹಾ ಬೇಡ, ಮಲಗುವ ಮುಂಚೆ ಮೊಬೈಲ್ ಬೇಡ. ಇಷ್ಟು ಲೌಕಿಕ ಮಾತಿಗೆ ವಚನದ ಆಧಾರ ಕೇಳುವವರಿಗೆ ಆ ರೊಟ್ಟಿಯನ್ನು ತೋರಿಸಿ.

ಹೊತ್ತು ಮತ್ತು ಜಾಗದ ಮಾತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿಯಲ್ಲಿ ದುಡಿಯುವವರಿಗೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರಿಗೆ, ಗಂಗಾವತಿ–ಸಿಂಧನೂರಿನ ಭತ್ತದ ನಾಟಿಗೆ ಹೋಗುವವರಿಗೆ "ಬೆಳಗಿನ ಜಾವ ನಾಲ್ಕಕ್ಕೆ ಏಳಿ" ಎನ್ನುವುದು ಸುಲಭದ ಉಪದೇಶ. ಹದಿನೈದು ನಿಮಿಷ ಸಾಕು, ಆದರೆ ಅದು ದಿನವೂ ಒಂದೇ ಹೊತ್ತಿನಲ್ಲಿರಲಿ. ಪಾಳಿ ಬದಲಾದರೆ ಗಂಟೆಯನ್ನು ಹಿಡಿಯದೆ ಕೆಲಸವನ್ನು ಹಿಡಿಯಿರಿ: ಸ್ನಾನವಾದ ಮೇಲೆ, ಇಲ್ಲವೇ ಊಟದ ಮುಂಚೆ. ಒಂದೇ ಕೋಣೆಯ ಮನೆಯಲ್ಲಿ ಏಕಾಂತ ಸಿಗುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ, ಬೇರೆ ಕಾಲದಲ್ಲಿ ಹೊಲದ ಬದು, ದೇವಾಲಯದ ಕಟ್ಟೆ. ಬಸ್ಸಿನ ಕಿಟಕಿಯ ಪಕ್ಕದ ಸೀಟೂ ಆಗುತ್ತದೆ.

ಮೂರನೆಯ ಹೆಜ್ಜೆ: ಕೀರ್ತನೆಗಾರನಿಂದ ಮೊರೆಯಿಡಲು ಕಲಿಯಿರಿ

ಇಡೀ ಮಾರ್ಗದರ್ಶಿಯ ತಿರುಳು ಇದು. ಉಳಿದದ್ದನ್ನು ಮರೆತರೂ ಇದನ್ನು ಇಟ್ಟುಕೊಳ್ಳಿ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಇಲ್ಲಿಯೇ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿತ್ತು. ಎಂದರೆ ಸುಮಾರು ಎರಡು ನೂರು ವರ್ಷಗಳಿಂದ ಈ ಸೀಮೆಯ ಜನರ ಕೈಯಲ್ಲಿ ಬೈಬಲಿನ ಪ್ರಾರ್ಥನೆಯ ಹಾಡುಗಳಾದ 150 ಕೀರ್ತನೆಗಳು ತಮ್ಮದೇ ಭಾಷೆಯಲ್ಲಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಮೊರೆ, ದೂರು, ಗೋಳು. ನಾವು ಮಾತ್ರ 23, 91, 121ನ್ನು ಬಾಯಿಪಾಠ ಮಾಡಿ, ಗೋಡೆಗೆ ತೂಗುಹಾಕಿ, ಉಳಿದವನ್ನು ಬಿಟ್ಟಿದ್ದೇವೆ.

13ನೆಯ ಕೀರ್ತನೆಯಿಂದ ಆರಂಭಿಸಿ. ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಕಡೆಯ ಎರಡರಲ್ಲಿ ನಂಬಿಕೆಯ ಮಾತು. ಈ ನಡೆಯನ್ನು ಹೀಗೆ ಅನುಸರಿಸಬಹುದು.

ದೇವರನ್ನು ನೀವು ದಿನವೂ ಕರೆಯುವ ಹೆಸರಿನಿಂದಲೇ ಕರೆಯಿರಿ. ತಂದೆಯೇ, ಕರ್ತನೇ, ಯೇಸಪ್ಪಾ, ಯಾವುದಾದರೂ ಸರಿ. ವೇದಿಕೆಯ ಮೇಲಿನ ಪ್ರಾರ್ಥನೆಯ ಭಾಷೆ ಇಲ್ಲಿ ಬೇಕಿಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ಲಂಬಾಣಿಯೋ ಆಡುವವರು ಅದರಲ್ಲಿಯೇ ಮಾತಾಡಿ.

ಆಮೇಲೆ ದೂರು. ಇದ್ದದ್ದನ್ನು ಇದ್ದ ಹಾಗೆ, ಹೆಸರು, ದಿನ, ಮೊತ್ತ ಸಹಿತ. "ಕಷ್ಟವಿದೆ ಸ್ವಾಮಿ" ಎನ್ನುವುದು ದೂರಲ್ಲ. ದೇವರ ಮೇಲೆಯೇ ಸಿಟ್ಟಿದ್ದರೆ ಅದನ್ನೂ ಹೇಳಿ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು: ನನ್ನನ್ನು ಏಕೆ ಕೈಬಿಟ್ಟೆ ಎಂಬ ಮಾತು. ಅದನ್ನು ಅಪನಂಬಿಕೆ ಎನ್ನುವ ಧೈರ್ಯ ಯಾರಿಗಿದೆ?

ಮೂರನೆಯದು ಬೇಡಿಕೆ. ಅದು ಚಿಕ್ಕದಾಗಿರಲಿ, ಈ ವಾರದ್ದಾಗಿರಲಿ. ಕಡೆಯದು ನಂಬಿಕೆಯ ಮಾತು. ನಿಜವಾಗಿ ನಂಬುವಷ್ಟನ್ನೇ ಹೇಳಿ. ಒಂದೇ ಸಾಲು ಬಂದರೆ ಒಂದೇ ಸಾಲು.

ಗಂಡ ಗುಳೆ ಹೋಗಿರುವ ಕುಷ್ಟಗಿ ಕಡೆಯ ಹೆಣ್ಣುಮಗಳೊಬ್ಬಳು ಇದೇ ನಡೆಯಲ್ಲಿ ಪ್ರಾರ್ಥಿಸಿದರೆ ಹೀಗಿರಬಹುದು:

"ಯೇಸಪ್ಪಾ, ಯಜಮಾನರು ಗುಳೆ ಹೋದವರು ದೀಪಾವಳಿಯಿಂದ ಈಚೆಗೆ ಊರ ಕಡೆ ಮುಖ ಹಾಕಿಲ್ಲ. ಇನ್ನೆಷ್ಟು ದಿನ? ಸಂಘದವರು ಬಂದರೆ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಅತ್ತೆಯ ಮಾತು ಕೇಳಿ ಕೇಳಿ ಸಾಕಾಗಿದೆ. ನೀನೂ ಕೇಳಿಸಿಕೊಳ್ಳುತ್ತಿಲ್ಲ ಎನ್ನಿಸುತ್ತದೆ. ಅವರಿಂದ ಒಂದು ಫೋನ್ ಬರಲಿ. ಈ ಸೋಮವಾರದ ಕಂತಿಗೆ ದಾರಿ ತೋರಿಸು. ನನ್ನ ಸಿಟ್ಟು ಮಕ್ಕಳ ಬೆನ್ನ ಮೇಲೆ ಬೀಳದಂತೆ ತಡೆ. ಹಿಂದಿನ ಬರಗಾಲದಲ್ಲಿ ನೀನು ನಮ್ಮನ್ನು ಉಪವಾಸ ಮಲಗಿಸಲಿಲ್ಲ. ಅಷ್ಟು ನೆನಪಿದೆ. ಆಮೆನ್."

ಇದರಲ್ಲಿ ಸ್ತೋತ್ರದ ಪದವಿಲ್ಲ. ಆದರೂ ಸಭೆಯಲ್ಲಿ ನಾವು ಜೋರಾಗಿ ಹೇಳುವ ಎಷ್ಟೋ ಸ್ತೋತ್ರಗಳಿಗಿಂತ ಇದರಲ್ಲಿ ನಂಬಿಕೆ ಹೆಚ್ಚಿದೆ, ಏಕೆಂದರೆ ಕೇಳುವವನು ಇದ್ದಾನೆ ಎಂದು ಒಪ್ಪಿಕೊಂಡೇ ಅವಳು ಜಗಳವಾಡುತ್ತಿದ್ದಾಳೆ. ಮಕ್ಕಳ ಬೆನ್ನಿನ ಮಾತನ್ನೂ ನೋಡಿ. ದೂರು ಹೇಳುತ್ತ ಹೇಳುತ್ತ ತನ್ನೊಳಗಿನ ತಪ್ಪನ್ನೂ ಅವಳೇ ಕಂಡುಕೊಂಡಳು. ಮೊರೆಯಿಡುವುದರಿಂದ ಮನುಷ್ಯ ಬೆಳೆಯುತ್ತಾನೆ ಎಂದರೆ ಇದೇ.

ಮೊದಲ ವಾರ ಪೂರ್ತಿ 13ನೆಯದನ್ನೇ ಓದಿ, ಪ್ರತಿದಿನ ನಿಮ್ಮ ಮಾತಿನಲ್ಲಿ ಒಂದು ಮೊರೆ ಹೇಳಿ. ಆಮೇಲೆ ನಿಮ್ಮ ಸ್ಥಿತಿಗೆ ತಕ್ಕದ್ದನ್ನು ಆರಿಸಿಕೊಳ್ಳಿ. ರಾತ್ರಿಯಿಡೀ ಅತ್ತು ಕಣ್ಣೀರಿನಿಂದ ಹಾಸಿಗೆ ನೆನೆಸುವವರಿಗೆ 6. ನಂಬಿದ ಸ್ನೇಹಿತ ಮೋಸ ಮಾಡಿದ್ದರೆ 55. ಯಾವುದಕ್ಕೂ ಮನಸ್ಸಿಲ್ಲದ ಕುಗ್ಗಿದ ದಿನಗಳಿಗೆ 42 ಮತ್ತು 43. ಇವೆರಡರಲ್ಲೂ ಹಾಡುವವನು ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಏಕೆ ಕುಗ್ಗಿದ್ದೀ ಎಂದು ಮತ್ತೆ ಮತ್ತೆ ಕೇಳುತ್ತಾನೆ. ನಿಜವಾಗಿ ತಪ್ಪು ಮಾಡಿದ್ದರೆ 32, 51. ಭಯಕ್ಕೆ 56, ದೇವರು ಕಣ್ಣೀರನ್ನು ತುಂಬಿಡುವ ಮಾತು ಬರುವುದು ಅದರಲ್ಲಿ. ಅನ್ಯಾಯ ಮಾಡಿದವರು ಕೊಬ್ಬಿ ಬೆಳೆಯುವುದನ್ನು ಕಂಡು ಹೊಟ್ಟೆ ಉರಿದರೆ 73. ಗಣಿಯ ದುಡ್ಡು ಊರ ಮೇಲೆ ಹರಿದುಹೋದ ವರ್ಷಗಳನ್ನು ಕಂಡ ಬಳ್ಳಾರಿಯವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಶಪಿಸುವಷ್ಟು ಸಿಟ್ಟಿದ್ದರೆ 109. ಓದಲು ಹೆದರಿಕೆಯಾಗುವ ಕೀರ್ತನೆ ಅದು. ಆದರೆ ಆ ಶಾಪವೆಲ್ಲ ದೇವರ ಕಿವಿಗೆ ಬೀಳುತ್ತದೆ, ಶತ್ರುವಿನ ಮನೆಯ ಬಾಗಿಲಿಗೆ ಹೋಗುವುದಿಲ್ಲ.

88ನೆಯದನ್ನು ಬೇರೆಯಾಗಿ ಹೇಳಬೇಕು. ಅದು ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರವಿಲ್ಲ, ತಿರುವು ಇಲ್ಲ. ಅಂಥದ್ದೊಂದು ಪ್ರಾರ್ಥನೆಯನ್ನು ದೇವರವಾಕ್ಯದೊಳಗೆ ಉಳಿಸಿಕೊಂಡಿದ್ದಾರೆ ಎಂದ ಮೇಲೆ, ನಿಮ್ಮ ಪ್ರಾರ್ಥನೆ ಕೆಲವು ದಿನ ಹಾಗೆಯೇ ಮುಗಿದರೆ ಬಲವಂತವಾಗಿ ಸಂತೋಷ ಸೇರಿಸಬೇಡಿ.

ನಾಲ್ಕನೆಯ ಹೆಜ್ಜೆ: ಮಲಗುವ ಮುಂಚೆ ದಿನವನ್ನು ತಿರುವಿ ನೋಡಿ

ಹದಿನಾರನೆಯ ಶತಮಾನದ ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ಕ್ರಮ ಇದು. ಯಾವ ಸಭೆಯವರಾದರೂ ಮಾಡಬಹುದು, ಹತ್ತು ನಿಮಿಷ ಹಿಡಿಯುತ್ತದೆ. ಇಂದು ಸಿಕ್ಕ ಒಂದು ಒಳ್ಳೆಯದಕ್ಕೆ ವಂದನೆ ಹೇಳಿ. ದಿನವನ್ನು ಸರಿಯಾಗಿ ಕಾಣಲು ಬೆಳಕು ಕೇಳಿ. ಬೆಳಗಿನಿಂದ ಒಂದೊಂದೇ ಹೊತ್ತನ್ನು ನೆನೆದು, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂದು ನೋಡಿ. ತಪ್ಪಿದ್ದಲ್ಲಿ ಕ್ಷಮೆ ಕೇಳಿ. ನಾಳೆಯ ಒಂದು ಕೆಲಸವನ್ನು ಒಪ್ಪಿಸಿ ಮಲಗಿ.

ಕೆಲವು ವಾರ ಮಾಡಿದರೆ ಒಂದು ಗುರುತು ಸಿಗುತ್ತದೆ: ಒಬ್ಬರ ಫೋನ್ ಬಂದಾಗಲೆಲ್ಲ, ಒಂದು ಓಣಿ ದಾಟುವಾಗಲೆಲ್ಲ ಮನಸ್ಸು ಮುದುಡುತ್ತದೆ. ಮುಂದಿನ ಹೆಜ್ಜೆಗೆ ಬೇಕಾದ ವಿಷಯ ಅಲ್ಲಿದೆ.

ಐದನೆಯ ಹೆಜ್ಜೆ: ಒಬ್ಬರಿಗೆ ಹೇಳಿ, ಹತ್ತು ಜನರಿಗೆ ಬೇಡ

ಗೆತ್ಸೇಮನೆಯಲ್ಲಿ ಯೇಸು ತನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದದ್ದು ಹನ್ನೊಂದು ಶಿಷ್ಯರಿಗಲ್ಲ, ಪೇತ್ರ, ಯಾಕೋಬ, ಯೋಹಾನ ಎಂಬ ಮೂವರಿಗೆ. ಆ ಮೂವರೂ ನಿದ್ದೆ ಹೋದರು, ಅದು ಬೇರೆ ಮಾತು. ಆಯ್ಕೆ ಮಾಡಿ ಹೇಳಿದ ಎಂಬುದನ್ನು ನೋಡಿ.

ನಮ್ಮ ಮನೆಕೂಟಗಳ ದೊಡ್ಡ ರೋಗವೊಂದಿದೆ. "ಅಕ್ಕಾ, ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ, ಯಾರಿಗೂ ಹೇಳಬೇಡ" ಎಂದು ಆರಂಭವಾದ ಮಾತು ಭಾನುವಾರದೊಳಗೆ ಮೂರು ಓಣಿ ಸುತ್ತಿ ಬರುತ್ತದೆ. ಹೀಗೆ ಒಮ್ಮೆ ನೊಂದವರು ಮತ್ತೆ ಬಾಯಿ ತೆರೆಯುವುದಿಲ್ಲ. ಆದುದರಿಂದ ಆರಿಸುವಾಗ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಆ ವ್ಯಕ್ತಿ ಬೇರೆಯವರ ಗುಟ್ಟನ್ನು ನಿಮಗೆ ಹೇಳಿದ್ದುಂಟೇ? ಉಂಟಾದರೆ ಬಿಡಿ. ಮೊದಲು ಒಂದು ಚಿಕ್ಕ ವಿಷಯ ಹೇಳಿ ನೋಡಿ. ಹೆಂಗಸರು ಹಿರಿಯ ಹೆಂಗಸರೊಡನೆ ಮಾತಾಡುವುದು ಕ್ಷೇಮ. ಸಭಾಪಾಲಕರೊಡನೆ ಮಾತಾಡಬೇಕಿದ್ದರೆ ಅವರ ಹೆಂಡತಿ ಅಮ್ಮನವರೂ ಜೊತೆಯಲ್ಲಿರಲಿ. ಕಥೋಲಿಕರಿಗೆ ಪಾಪನಿವೇದನೆಯ ಅನುಕೂಲವಿದೆ. ಅಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ.

ಕೇಳಿಸಿಕೊಳ್ಳುವವರಿಗೂ ಎರಡು ಮಾತು. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. "ನಿನ್ನ ನಂಬಿಕೆ ಸಾಲದು", "ಮನೆಯಲ್ಲಿ ಏನೋ ಪಾಪವಿರಬೇಕು", "ನನಗೆ ಇದಕ್ಕಿಂತ ಹೆಚ್ಚು ಕಷ್ಟ ಬಂದಿತ್ತು" ಎಂಬ ಮೂರು ಮಾತುಗಳನ್ನು ಆಡಬೇಡಿ. "ಹೇಳಮ್ಮಾ, ಕೇಳುತ್ತಿದ್ದೇನೆ" ಎಂದರೆ ಸಾಕು. ವಚನ ಹೇಳಲೇಬೇಕೆನ್ನಿಸಿದರೆ ಮರುದಿನ ಹೇಳಿ. ಅಂದು ಒಂದು ಪಾತ್ರೆ ಸಾರು ಕಳಿಸಿ.

ಆರನೆಯ ಹೆಜ್ಜೆ: ಕ್ಷಮೆ, ಅವಸರವಿಲ್ಲದೆ

ಕ್ಷಮೆಯನ್ನು ಆರನೆಯದಾಗಿ ಇಟ್ಟದ್ದು ಬೇಕೆಂದೇ. ನಮ್ಮ ಕೂಟಗಳಲ್ಲಿ ಅದು ಮೊದಲನೆಯದಾಗಿ ಬರುತ್ತದೆ: ನೊಂದವಳು ಇನ್ನೂ ಹೇಳಿ ಮುಗಿಸಿಲ್ಲ, ಅಷ್ಟರಲ್ಲಿ "ಕ್ಷಮಿಸಿಬಿಡು ತಾಯಿ". ಎಷ್ಟು ಸಾಲವಿದೆ ಎಂದು ಲೆಕ್ಕ ಹಾಕದೆ ಸಾಲ ಮನ್ನಾ ಮಾಡಲು ಆಗುವುದಿಲ್ಲ. ಏನು ನಡೆಯಿತು, ಅದರಿಂದ ನಾನು ಏನೇನು ಕಳೆದುಕೊಂಡೆ ಎಂದು ದೇವರ ಮುಂದೆ ಪೂರ್ತಿ ಹೇಳಿಕೊಂಡ ಮೇಲೆ ಕ್ಷಮೆಗೆ ಅರ್ಥ ಬರುತ್ತದೆ.

ಹೇಗೆ ಮಾಡುವುದು? ಆ ವ್ಯಕ್ತಿಯ ಹೆಸರು ಹಿಡಿದು, "ಇವನು ಇಂಥದ್ದನ್ನು ಮಾಡಿದ. ಅದು ತಪ್ಪು. ಸೇಡನ್ನು ನಾನು ತೀರಿಸುವುದಿಲ್ಲ, ನಿನ್ನ ಕೈಗೆ ಬಿಡುತ್ತೇನೆ" ಎಂದು ಹೇಳಿ. ನಾಳೆ ಸಿಟ್ಟು ಮತ್ತೆ ಬರುತ್ತದೆ, ಮತ್ತೆ ಹೇಳಿ. ಎಷ್ಟು ಸಲ ಎಂದು ಪೇತ್ರ ಕೇಳಿದಾಗ ಯೇಸು ಏಳೆಪ್ಪತ್ತು ಸಲ ಎಂದನಲ್ಲ, ಒಂದೇ ಗಾಯಕ್ಕೆ ಅಷ್ಟು ಸಲ ಬೇಕಾಗಬಹುದು.

ಕ್ಷಮೆ ಬೇರೆ, ರಾಜಿ ಬೇರೆ. ಯೋಸೇಫನು ಅಣ್ಣಂದಿರನ್ನು ಕಂಡ ಕೂಡಲೇ ಅಪ್ಪಿಕೊಳ್ಳಲಿಲ್ಲ. ಗುರುತು ತಿಳಿಸದೆ ಪರೀಕ್ಷಿಸಿದ. ತಮ್ಮ ಬೆನ್ಯಾಮೀನನನ್ನೂ ತನ್ನಂತೆಯೇ ಕೈಬಿಡುತ್ತಾರೋ ಇಲ್ಲವೋ ಎಂದು ಕಾದು ನೋಡಿದ. ಯೂದನು ಬೆನ್ಯಾಮೀನನ ಬದಲಿಗೆ ತಾನೇ ಗುಲಾಮನಾಗಿರುತ್ತೇನೆ ಎಂದ ಮೇಲೆ ಮುಖ ತೋರಿಸಿ ಅತ್ತ (ಆದಿಕಾಂಡ 42ರಿಂದ 45). ಸಾಧ್ಯವಾದರೆ, ನಿಮ್ಮಿಂದಾದಷ್ಟು ಎಲ್ಲರೊಡನೆ ಸಮಾಧಾನದಿಂದಿರಿ ಎಂದ ಪೌಲನಿಗೂ, ಕೆಲವು ಸಲ ಅದು ಸಾಧ್ಯವಾಗುವುದಿಲ್ಲ ಎಂದು ಗೊತ್ತಿತ್ತು.

ಕ್ಷಮೆ ಬೇರೆ, ಕಾನೂನು ಬೇರೆ. ಕುಡಿದು ಬಂದು ಹೊಡೆಯುವ ಗಂಡನನ್ನು ಕ್ಷಮಿಸಿದವಳು ಅದೇ ದಿನ 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಬಹುದು, ತವರಿಗೆ ಹೋಗಬಹುದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112. "ಶಿಲುಬೆ ಹೊತ್ತುಕೋ ತಂಗಿ" ಎಂದು ಅವಳನ್ನು ವಾಪಸು ಕಳಿಸುವ ಹಿರಿಯರು ತಮ್ಮ ಮಗಳಿಗೂ ಹಾಗೆಯೇ ಹೇಳುತ್ತಾರೋ ಎಂದು ಕೇಳಿ ನೋಡಿ. ಬೇರೆ ಲೋಟದ ಅವಮಾನವನ್ನು ಕ್ಷಮಿಸಿದವನು ಆ ಲೋಟದ ವಿರುದ್ಧ ದೂರು ಕೊಡುವುದೂ ನ್ಯಾಯವೇ. ಸೇಡು ಬಿಟ್ಟವನ ದೂರಿಗೆ ಬಲ ಹೆಚ್ಚು.

ಏಳನೆಯ ಹೆಜ್ಜೆ: ವೈದ್ಯರ ಬಳಿಗೆ ಹೋಗಲು ನಾಚಬೇಡಿ

ಬಳ್ಳಾರಿಯವರು ಹೆಮ್ಮೆ ಪಡಬೇಕಾದ ಸಂಗತಿಯೊಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಪ್ರಯೋಗವನ್ನು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯದ ಕೆಲವೇ ಔಷಧಗಳನ್ನು ಅಲ್ಲಿಯೇ ದೊರಕಿಸಿದರು. ದೂರದ ಆಸ್ಪತ್ರೆಗೆ ಹೋಗದೆ ಊರ ಹತ್ತಿರವೇ ಗುಣ ಕಾಣಬಹುದು ಎಂದು ತೋರಿತು. "ಬಳ್ಳಾರಿ ಮಾದರಿ" ಎಂದೇ ಅದಕ್ಕೆ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ಇಡೀ ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಕುಳಿತು, "ವಿಶ್ವಾಸಿಗೆ ಮಾನಸಿಕ ಡಾಕ್ಟರ್ ಏಕೆ" ಎಂದು ಕೇಳುವುದು ವಿಚಿತ್ರ.

ಯಾವಾಗ ಹೋಗಬೇಕು? ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟು ಕೆಲಸಕ್ಕೆ ಹೋಗಲು ಆಗದಿದ್ದರೆ. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಮನಸ್ಸು ಕುಗ್ಗುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗವಿರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನ ವೇಳೆಯನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಿಂದ ಹೊರಡಲು ಆಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಮಾತ್ರೆಗಳ ಬಗ್ಗೆ: ಖಿನ್ನತೆಯ ಮಾತ್ರೆಗಳು ಕೆಲಸ ಆರಂಭಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೂರನೆಯ ದಿನವೇ "ಏನೂ ಆಗಲಿಲ್ಲ" ಎಂದು ಬಿಡಬೇಡಿ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೇದಿಕೆಯ ಮೇಲಿನಿಂದ "ಮಾತ್ರೆ ಎಸೆಯಿರಿ, ನಂಬಿರಿ" ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹೊಟ್ಟೆಯ ತೊಂದರೆಯಿದ್ದ ತಿಮೊಥೆಯನಿಗೆ ಪೌಲನು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಪೌಲನ ಪ್ರೀತಿಯ ಜೊತೆಗಾರ ಲೂಕ ವೈದ್ಯನಾಗಿದ್ದ.

ಇನ್ನೊಂದು ಕೆಲಸ ಇಂದೇ ಆಗಬೇಕು. ಮನೆಯಲ್ಲಿ ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಹೊಲಕ್ಕೆ ತಂದಿಟ್ಟ ಕೀಟನಾಶಕವನ್ನು ಮನೆಯಿಂದ ಹೊರಗೆ ಹಾಕಿ, ಬೀಗ ಹಾಕಿಡಿ, ಅಥವಾ ನೆರೆಯವರ ಬಳಿ ಕೊಡಿ. ಅವರನ್ನು ಒಬ್ಬರೇ ಬಿಡಬೇಡಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ, ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಗೆ ಒಳಪಡಿಸದೆ ಆರೈಕೆ ಕೊಡಬೇಕು.

ಎಂಟನೆಯ ಹೆಜ್ಜೆ: ಬೆಳವಣಿಗೆಯ ಗುರುತು, ತಿರುಗಿ ಬರುವ ದಿನಗಳು

ಬೆಳೆಯುತ್ತಿದ್ದೇನೋ ಇಲ್ಲವೋ ಎಂದು ತಿಳಿಯಲು ಕೂಟದಲ್ಲಿ ಬಂದ ಕಣ್ಣೀರನ್ನೋ ದನಿಯ ಏರಿಕೆಯನ್ನೋ ಅಳೆಯಬೇಡಿ. ಮನೆಯವರನ್ನು ಕೇಳಿ. ಸಿಟ್ಟು ಬಂದರೂ ಬೇಗ ಇಳಿಯುತ್ತಿದೆಯೇ, ಮಕ್ಕಳು ಹತ್ತಿರ ಬಂದು ಕೂರುತ್ತಾರೆಯೇ, ತೀರಿಕೊಂಡವರ ಹೆಸರನ್ನು ಈಗ ಬಾಯಲ್ಲಿ ಹೇಳಲು ಆಗುತ್ತಿದೆಯೇ, ಬೇರೆಯವರ ಕಷ್ಟ ಕೇಳಿದಾಗ ನಿಮ್ಮ ಕಥೆಯನ್ನು ತರದೆ ಕೇಳಿಸಿಕೊಳ್ಳುತ್ತೀರಾ. ಸಭೆಯಲ್ಲಿ ಒಂದು ಚಿಕ್ಕ ಕೆಲಸ ಹಿಡಿಯಿರಿ: ಚಾಪೆ ಹಾಸುವುದು, ಒಬ್ಬ ಮುದುಕಿಯನ್ನು ಕರೆದುಕೊಂಡು ಬರುವುದು. ಮೈಕು ಹಿಡಿಯುವ ಕೆಲಸ, ಸಾಕ್ಷಿ ಹೇಳುವ ಕೆಲಸ ತಡವಾಗಿ ಬಂದರೆ ಒಳ್ಳೆಯದು. ಇನ್ನೂ ಹಸಿಯಾಗಿರುವ ಗಾಯವನ್ನು ವೇದಿಕೆಗೆ ಹತ್ತಿಸುವವರು ನಿಮ್ಮ ಹಿತ ನೋಡುತ್ತಿಲ್ಲ.

ನೋವು ಹೋಯಿತು ಎನ್ನುವಾಗಲೇ ಕೆಲವು ದಿನಗಳಲ್ಲಿ ತಿರುಗಿ ಬರುತ್ತದೆ. ಸಾವಿನ ನಂತರದ ಮೊದಲ ಕ್ರಿಸ್‌ಮಸ್, ಮದುವೆಯ ತಾರೀಖು, ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೂವು ಮೇಣದಬತ್ತಿ ಇಡುವ ಹೊತ್ತು, ಗುಳೆ ಹೋದವರೆಲ್ಲ ಊರಿಗೆ ಮರಳಿ ನಿಮ್ಮವರೊಬ್ಬರು ಮಾತ್ರ ಬರದ ಹಬ್ಬ. ಇದನ್ನು ಹಿಂದಕ್ಕೆ ಜಾರಿದೆ ಎಂದು ತಿಳಿಯಬೇಡಿ. ಅಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಒಂದು ವಾರ ಮುಂಚೆಯೇ ಗೊತ್ತು ಮಾಡಿ: ಅಂದು ಮನೆಗೆ ಯಾರು ಬಂದಿರುತ್ತಾರೆ, ಸಮಾಧಿಗೆ ಯಾವ ಹೊತ್ತಿಗೆ ಹೋಗುವುದು, ಹೋದವರಿಗೆ ಇಷ್ಟವಿದ್ದ ಯಾವ ಅಡುಗೆ ಮಾಡುವುದು, ಯಾವ ಕೀರ್ತನೆ ಓದುವುದು. ಸಭಾಪಾಲಕರಿಗೋ ಗುರುಗಳಿಗೋ ಮೊದಲೇ ತಿಳಿಸಿದರೆ ಆ ಭಾನುವಾರದ ಪ್ರಾರ್ಥನೆಯಲ್ಲಿ ಹೆಸರು ಸೇರಿಸುತ್ತಾರೆ. ಅಂದು ಜನರ ನಡುವೆ ಕೂರಲು ಆಗದಿದ್ದರೆ ಮನೆಯಲ್ಲಿಯೇ ಓದಿ ಅಳಿ, ಸಂಜೆ ನೀವು ಆರಿಸಿಕೊಂಡ ಆ ಒಬ್ಬರಿಗೆ ಫೋನ್ ಮಾಡಿ, ಮುಂದಿನ ಭಾನುವಾರ ಹೋಗಿ.